ವಿಚಾರಣೆಗೆ ಹೋದ ದೂರು

ಅತ್ತಿಗುಂಡಿ
೧೪ ಜೂನ್ ೧೯೩೮

ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಸಾಹೇಬರಿಗೆ, ತೋಟದ ಮೇಸ್ತ್ರಿ ಬೆಳ್ಳಿಯಪ್ಪನವರ ಮಗಳು ದೇವೀರಮ್ಮ ಮಾಡುವ ವಿಜ್ಞಾಪನೆ.

ಉಪಾಧ್ಯಾಯಿನಿಯರ ತರಬೇತಿಯ ಪ್ರವೇಶ ಪರೀಕ್ಷೆಗೆ ಎಂಟು ದಿನವಿರುವಾಗ, ನಮ್ಮ ಹೆಡ್‌ಮಾಸ್ತರರು ಪ್ರಶ್ನೆಪತ್ರಿಕೆ ಮಾರುತ್ತಿದ್ದಾರೆಂದು ತಮಗೆ ಬರೆದಿದ್ದೆ. ನನ್ನ ಗೆಳತಿ ರಾಮಮ್ಮ ತಾಯಿಯ ಕಿವಿಯೋಲೆ ಕೊಟ್ಟು ಅದನ್ನು ಕೊಂಡಿದ್ದಳು. ಪರೀಕ್ಷೆಯಲ್ಲಿ ಅದರೊಳಗಿನ ಒಂದು ಪ್ರಶ್ನೆಯೂ ಬರಲಿಲ್ಲ. ಅವಳು ಖಾಲಿ ಹಾಳೆ ಕೊಟ್ಟು ಅಳುತ್ತ ಹೊರಗೆ ಬಂದಳು.

ತಾವು ನನ್ನ ದೂರನ್ನು ವಿಚಾರಣೆಗೆಂದು ಆ ಹೆಡ್‌ಮಾಸ್ತರರಿಗೇ ಕಳಿಸಿದಿರಿ! ಅವರು ಅದನ್ನು ಶಾಲೆಯ ಮಕ್ಕಳೆದುರು ಗಟ್ಟಿಯಾಗಿ ಓದಿದರು. ಪತ್ರಿಕೆ ಕೊಂಡವಳು ನಾನೇ ಎಂದು ಮಲ್ಲಂದೂರಿನವರೆಗೂ ಸುದ್ದಿ ಹಬ್ಬಿಸಿದರು. ಈಗ ನನ್ನ ಫಲಿತಾಂಶವನ್ನೇ ತಡೆದಿದ್ದೀರಿ. ತೋಟದ ಹೆಂಗಸರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ.

ನಿನ್ನೆ ಹೆಡ್‌ಮಾಸ್ತರರು ನಮ್ಮ ಮನೆಗೇ ಬಂದು ಅಪ್ಪಯ್ಯನಿಗೆ, "ದೂರು ಸುಳ್ಳು ಅಂತ ಬರೆಸ್ಕೊಡು ಮಾರಾಯ, ಮಗಳು ಪಾಸಾಗ್ತಾಳೆ" ಎಂದರು. ಅಪ್ಪಯ್ಯ ನನ್ನತ್ತ ತಿರುಗಿ, "ದೊಡ್ಡೋರ ಹತ್ರ ನಮಗ್ಯಾಕೆ ಜಗಳ, ಬರ್ಕೊಡು ಮಗಾ" ಎಂದು ಕೈಮುಗಿದರು. ಅಪ್ಪಯ್ಯ ಮಗಳಿಗೆ ಕೈಮುಗಿಯುವಂತೆ ಮಾಡಿದವರನ್ನು ನಾನು ಕ್ಷಮಿಸಲಾರೆ. ಬರೆದುಕೊಡಲಿಲ್ಲ.

ಬೇರೆ ಅಧಿಕಾರಿಯಿಂದ ವಿಚಾರಣೆ ಮಾಡಿಸಿ. ನನ್ನ ಮೇಲೆ ಅನುಮಾನವಿದ್ದರೆ ತಮ್ಮ ಎದುರಿಗೇ ಕೂರಿಸಿ, ಆಗಲೇ ಪ್ರಶ್ನೆ ಬರೆದು ಕೊಡಿ; ಉತ್ತರಿಸುತ್ತೇನೆ. ರಾಮಮ್ಮ ಸಾಕ್ಷಿ ಹೇಳಲು ಒಪ್ಪಿದ್ದಾಳೆ. ಅವಳನ್ನು ಶಿಕ್ಷಿಸದೆ, ಅವಳ ತಾಯಿಗೆ ಓಲೆ ವಾಪಸು ಕೊಡಿಸಿ.

ಈ ಪತ್ರವನ್ನೂ ಹೆಡ್‌ಮಾಸ್ತರರಿಗೆ ಕಳಿಸುವ ಶ್ರಮ ತಮಗೆ ಬೇಡ. ಇದರ ಒಂದು ಪ್ರತಿಯನ್ನು ಇಂದು ಬೆಳಿಗ್ಗೆ ನಾನೇ ಅವರ ಕೈಗೆ ಕೊಟ್ಟು ಬಂದಿದ್ದೇನೆ.

ಉತ್ತರಕ್ಕೆ ಕಾಯುತ್ತಿರುವ,
ಬೆ. ದೇವೀರಮ್ಮ