ಬೀರುವಿನ ಮೇಲಿನ ಚೀಟಿ

ನಮ್ಮ ಯಜಮಾನರಿಗೆ,

ನಾನು ತಂಗಿಯ ಮನೆಗೆ ಹೊರಟಿದ್ದೇನೆ. ಹುಡುಕಾಡಬೇಡಿ. ನಿಮ್ಮ ಧ್ಯಾನದ ತರಗತಿಯ ಚಾಪೆಗಳನ್ನು ತೊಳೆದು ತಾರಸಿಯಲ್ಲಿ ಹರವಿದ್ದೇನೆ, ಸಂಜೆಯೊಳಗೆ ತೆಗೆದಿಡಿ.

ನಿನ್ನೆ ಮಧ್ಯಾಹ್ನ ನಾನು ಕೊನೆಗೂ ದೇಹದಿಂದ ಹೊರಬಂದೆ. ನೀವು ಕಲಿಸಿದಂತೆಯೇ ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಸಡಿಲಬಿಟ್ಟೆ. ಮೂಗು ತುರಿಸಿತು, ಕೈಯೆತ್ತಲಿಲ್ಲ. ಆಮೇಲೆ ನೋಡಿದರೆ ಚಾವಣಿಯ ಹತ್ತಿರ ತೇಲುತ್ತಿದ್ದೆ. ಕೆಳಗೆ ಚಾಪೆಯ ಮೇಲೆ ನಾನೇ ಬಾಯಿ ತೆರೆದುಕೊಂಡು ಮಲಗಿದ್ದೆ.

ಪರೀಕ್ಷೆಗೆಂದು ನೀವು ಅಂಕಿ ಬರೆದು ಬೀರುವಿನ ಮೇಲಿಟ್ಟಿದ್ದ ಚೀಟಿಯನ್ನೂ ಓದಿದೆ. ನಲವತ್ತೇಳು. ಅದರ ಹಿಂದೆ, ಗೋಡೆಯ ಪಕ್ಕ, ದೂಳಿನಲ್ಲಿ ನಮ್ಮಮ್ಮನ ಎರಡು ಬಳೆಗಳಿದ್ದವು. ಎಚ್ಚರವಾದ ಮೇಲೆ ಸ್ಟೂಲು ಹತ್ತಿ ನೋಡಿದೆ. ಅಂಕಿಯೂ ಸರಿಯಿತ್ತು, ಬಳೆಗಳೂ ಇದ್ದವು.

ಎರಡು ವರ್ಷದ ಹಿಂದೆ ನೀವು, "ನಿನ್ ತಂಗಿ ಬಂದ್ಹೋದ್ಮೇಲೇ ಬಳೆ ಕಾಣೆಯಾಗಿರೋದು, ನೀನೇ ಯೋಚ್ನೆ ಮಾಡು" ಅಂದಿರಿ. ನಾನು ಯೋಚನೆ ಮಾಡಿ ಅವಳ ಮುಖಕ್ಕೇ ಬಾಗಿಲು ಹಾಕಿದೆ. ಅವಳು ಬಂದುಹೋಗುವುದು ನಿಮಗೆ ಹಿಡಿಸುತ್ತಿರಲಿಲ್ಲವೆಂದು ಗೊತ್ತಿತ್ತು, ಇಷ್ಟೆಂದು ಗೊತ್ತಿರಲಿಲ್ಲ. ನಿನ್ನೆ ಸಂಜೆ ಹೋಗಿ ಬಳೆ ತೋರಿಸಿದಾಗ ಅವಳು, "ಊಟ ಮಾಡಿದ್ಯಾ ಅಕ್ಕಾ?" ಅಂದಳು, ಅಷ್ಟೇ.

ನನ್ನ ಹೊಲಿಗೆ ಮಿಷನ್ ಕಳಿಸಿಕೊಡಿ. ಕಾಲಿನ ಪೆಡಲ್ ಸಡಿಲವಾಗಿದೆ, ಕಟ್ಟಿ ಕಳಿಸಿ.

ಇನ್ನೊಂದು ಮಾತು. ಬಳೆ ಬಚ್ಚಿಟ್ಟ ಜಾಗದಲ್ಲೇ ಚೀಟಿಯನ್ನೂ ಇಟ್ಟು, ಆರು ತಿಂಗಳು ನನಗೆ ತೇಲುವುದನ್ನು ಕಲಿಸಿದಿರಿ. ದೇಹ ಬಿಟ್ಟು ಹೊರಗೆ ಹೋಗಬಹುದೆಂದು ನೀವು ಒಂದು ದಿನವೂ ನಂಬಿರಲಿಲ್ಲ. ಈ ಮನೆಯಲ್ಲಿ ನಿಮ್ಮ ಮಾತನ್ನು ನಂಬಿದ್ದವಳು ನಾನೊಬ್ಬಳೇ.

ಇಂತಿ,
ನಿಮ್ಮ ಶಿಷ್ಯೆ