ಹಗಲಿನಲ್ಲಿ ತೆಗೆದ ರಾತ್ರಿ

ಮನೆ, ಹಿಂದಿನ ಕೋಣೆ
ಮಾರ್ಚ್ 11, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಗಂಟಲು ಹೇಗಿದೆ? ಧೂಳಿನ ಗಾಳಿ ಶುರುವಾಗುವ ಈ ದಿನಗಳಲ್ಲಿ ನಿನ್ನ ಕೆಮ್ಮು ಹೆಚ್ಚುತ್ತದೆ ಎಂದು ಭಾವ ಒಮ್ಮೆ ಬರೆದಿದ್ದರು. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮುಂದುವರಿದಿದೆಯಂತೆ. ಮಾತಾಡಬೇಕಿಲ್ಲದ ಕೆಲಸ ಸಿಕ್ಕಿದ್ದು ಒಳ್ಳೆಯದಾಯಿತು ಎಂದು ಬರೆಯಲು ಹೊರಟೆ, ಆಮೇಲೆ ಅದರಲ್ಲಿ ಒಳ್ಳೆಯದೇನಿದೆ ಎಂದು ಪೆನ್ನು ನಿಲ್ಲಿಸಿದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ತಪ್ಪುಗಳಿದ್ದರೆ ತಿದ್ದಿಕೊಂಡು ಓದು, ನಿನಗೆ ಅಭ್ಯಾಸವಿದೆ.

ಅಪ್ಪನ ವಿಷಯ ಮೊದಲು ಹೇಳಿಬಿಡುತ್ತೇನೆ. ಶ್ವಾಸಕೋಶಗಳು ಎರಡೂ ಕೈಕೊಟ್ಟಿವೆ. "ತಿಂಗಳ ಮಾತು ಬೇಡ, ವಾರಗಳ ಮಾತಾಡಿ" ಎಂದು ಡಾಕ್ಟರು ಬಾಗಿಲ ಹೊರಗೆ ನಿಂತು ಹೇಳಿದರು. ಆಸ್ಪತ್ರೆ ಬೇಡವೆಂದು ಹಟ ಹಿಡಿದದ್ದರಿಂದ ಮನೆಯಲ್ಲೇ ಸಿಲಿಂಡರು ತಂದಿಟ್ಟಿದ್ದೇವೆ. ಮೂಗಿಗೆ ನಳಿಕೆ ಹಾಕಿದೆ. ಧ್ವನಿ ಪಿಸುಮಾತಿಗಿಂತ ಮೇಲೇರುವುದಿಲ್ಲ. ಕೂಗಲು ಆಗದ್ದಕ್ಕೆ ಮಣಿಕಟ್ಟಿಗೆ ಒಂದು ಹಗ್ಗ ಕಟ್ಟಿಕೊಂಡು, ಅದರ ಇನ್ನೊಂದು ತುದಿಯನ್ನು ಈ ಹಿಂದಿನ ಕೋಣೆಗೆ ಎಳೆಸಿ ನನ್ನ ಕುರ್ಚಿಗೆ ಕಟ್ಟಿಸಿದ್ದಾರೆ. ಒಂದು ಸಲ ಎಳೆದರೆ ನೀರು, ಎರಡು ಸಲ ಎಳೆದರೆ ಇದ್ದದ್ದನ್ನು ಬಿಟ್ಟು ಬರಬೇಕು. ಈ ಪದ್ಧತಿ ಅವರಿಗೆ ಎಲ್ಲಿಂದ ನೆನಪಾಯಿತೆಂದು ನಾನು ಕೇಳಲಿಲ್ಲ.

ಇನ್ನೊಂದು ಸುದ್ದಿ ಇದೆ. ಸಿನಿಮಾ ಕಾಲೇಜಿನ ಒಬ್ಬ ಮೇಷ್ಟ್ರು ಅಪ್ಪನ ಏಳೂ ಚಿತ್ರಗಳನ್ನು ಹುಡುಕಿಕೊಂಡು ಬಂದಿದ್ದರು. ಕೌಬಾಯ್ ಕಥೆಯೊಳಗೆ ದೆವ್ವ ತಂದು ಕೂರಿಸಿದ ಚಿತ್ರಗಳು ಈಗ ಅಪರೂಪವಂತೆ, ಅವನ್ನು ನೋಡಲೆಂದೇ ಜನ ಬರುತ್ತಾರಂತೆ. 'ಗೋರಿಯಿಂದ ಬಂದ ಗುರಿಕಾರ' ಚಿತ್ರವನ್ನು ಅವರು ಎಷ್ಟು ಭಕ್ತಿಯಿಂದ ಹೊಗಳಿದರೆಂದರೆ, ಅಪ್ಪ ನಳಿಕೆ ಸರಿಸಿ, "ಮೇಷ್ಟ್ರೇ, ಆ ಗುರಿಕಾರ ನಮ್ಮ ಬೀದಿಯ ವೆಲ್ಡರು ಕಣ್ರೀ. ಕಣ್ಣು ಕಿರಿದು ಮಾಡಿ ನೋಡೋದು ಅವನಿಗೆ ಕೆಲಸದಿಂದ ಬಂದಿತ್ತು, ನಟನೆ ಅಲ್ಲ" ಎಂದರು. ಇಷ್ಟು ದಿನಗಳಲ್ಲಿ ಅವರು ನಕ್ಕದ್ದು ಅದೊಂದೇ ಸಲ, ನಕ್ಕು ಮುಗಿಸುವಷ್ಟರಲ್ಲಿ ಉಗುರುಗಳು ನೀಲಿಯಾಗಿದ್ದವು.

ನಿನಗೂ ನೆನಪಿರಬೇಕು. ಊರಾಚೆಯ ಹಳೆಯ ಕಲ್ಲುಕ್ವಾರಿಯೇ ನಮ್ಮ ಮರುಭೂಮಿ. ಗೋರಿಕಲ್ಲುಗಳೆಲ್ಲ ಥರ್ಮಾಕೋಲಿನವು. ಒಮ್ಮೆ ಗಾಳಿ ಬಂದು ಸ್ಮಶಾನಕ್ಕೆ ಸ್ಮಶಾನವೇ ಹಾರಿಹೋದಾಗ ಕ್ಯಾಮೆರಾದ ಮೀಸೆ ಮಾಮ, "ಹಿಡೀರೋ, ಸತ್ತವರೆಲ್ಲ ಊರು ಬಿಡ್ತಿದ್ದಾರೆ!" ಎಂದು ಬೊಬ್ಬೆ ಹೊಡೆದಿದ್ದ. ಇದ್ದದ್ದು ಒಂದೇ ಕುದುರೆ, ನಾವು ಇಟ್ಟ ಹೆಸರು ಸೋಮಾರಿ. ಅದಕ್ಕೆ ಇಷ್ಟ ಬಂದಾಗ ನಡೆಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ನಾಯಕಿಯರು, ಮುದುಕಿಯರು, ಹೆಣ್ಣು ದೆವ್ವಗಳು, ಎಲ್ಲರಿಗೂ ಧ್ವನಿ ನಿನ್ನದೇ. ಸೋಮಾರಿ ಕೆನೆಯಲು ಒಪ್ಪದೆ ಹೋದಾಗ ಅದಕ್ಕೂ ನೀನೇ ಕೆನೆದಿದ್ದೆ. ರಾತ್ರಿಯ ದೃಶ್ಯಗಳಿಗೆ ದೀಪ ಬಾಡಿಗೆ ತರುವ ಶಕ್ತಿ ಇಲ್ಲದೆ ಅಪ್ಪ ನಡುಮಧ್ಯಾಹ್ನದಲ್ಲಿ ಲೆನ್ಸಿಗೆ ನೀಲಿ ಗಾಜು ಹಾಕಿ ತೆಗೆಯುತ್ತಿದ್ದರು. "ಬಿಸಿಲು ಸುಟ್ಟಷ್ಟೂ ಬೆಳದಿಂಗಳು ಚೆನ್ನ" ಎನ್ನುತ್ತಿದ್ದರು. ಆ ಏಳು ಚಿತ್ರಗಳ ಅಷ್ಟೂ ರಾತ್ರಿಗಳಲ್ಲಿ ನಮ್ಮ ಬೆನ್ನು ಸುಟ್ಟಿದೆ.

ಏಳನೆಯದರ ವಿಷಯ ಬರೆಯದೆ ವಿಧಿಯಿಲ್ಲ. ಮೇಷ್ಟ್ರಿಗೆ ಎಲ್ಲಕ್ಕಿಂತ ಬೇಕಾಗಿರುವುದು ಅದೇ, ಬಿಡುಗಡೆ ಕಾಣದ 'ಮರಳೊಳಗಿನ ಹೆಂಡತಿ'. ಗುರಿಕಾರ ಕೊಂದು ಹೂತಿಟ್ಟ ಹೆಂಡತಿ ಅವನ ಕುದುರೆ ಗೋರಿಯನ್ನು ದಾಟಿ ಹೋದ ಬಳಿಕ ಮರಳಿನಿಂದ ಕೈ ಎತ್ತಬೇಕು. ಬರಬೇಕಿದ್ದ ನಟಿ ಗುಂಡಿ ನೋಡಿ ಮನೆಗೆ ಹೋದಳು, ನೀನು ಮಲಗಿದೆ. ಮೇಲೆ ಹಲಗೆ, ಅದರ ಮೇಲೆ ಮರಳು, ಉಸಿರಿಗೆ ಗೋರಿಕಲ್ಲಿನ ಮರೆಯಿಂದ ಬಂದ ರಬ್ಬರ್ ನಳಿಕೆ, ಮಣಿಕಟ್ಟಿಗೆ ಹಗ್ಗ. ಹಗ್ಗದ ಈಚೆಯ ತುದಿ ನನ್ನ ಕೈಯಲ್ಲಿತ್ತು. ನಾನು ಎಳೆದರೆ ನೀನು ಕೈ ಎತ್ತಬೇಕು, ನೀನು ಎರಡು ಸಲ ಎಳೆದರೆ ನಾವು ಎಲ್ಲ ನಿಲ್ಲಿಸಿ ಅಗೆಯಬೇಕು. ಉಳಿದದ್ದು ಫಿಲ್ಮಿನ ಕೊನೆಯ ಸುರುಳಿ. ಬೆಳಗಿನಿಂದ ಹೆಜ್ಜೆ ಎತ್ತದ ಸೋಮಾರಿ ಆಗ ನಡೆಯಿತು. ಅದರ ಗೊರಸು ಎಬ್ಬಿಸಿದ ಮರಳು ನಳಿಕೆಯೊಳಗೆ ಬಿತ್ತು. ಕುದುರೆ ದೂರದ ಬಂಡೆ ಮುಟ್ಟುವವರೆಗೂ ಕ್ಯಾಮೆರಾ ಓಡಿತು. ನಾನು ಹಗ್ಗ ಎಳೆದಾಗ ನಿನ್ನ ಕೈ ಮೇಲೆ ಬರಲಿಲ್ಲ.

ಅಗೆದು ನಿನ್ನನ್ನು ಎತ್ತಿ ಮಲಗಿಸಿದ ಮೇಲೆ, ಎಲ್ಲರೆದುರು ಅಪ್ಪ ನನ್ನನ್ನು ಕೇಳಿದರು, "ಹಗ್ಗ ಅಲುಗಿತೇನೋ?" ಇಲ್ಲ ಎಂದೆ. ಮೂರು ವಾರಗಳ ನಂತರ ನಿನ್ನ ಗಂಟಲಿನಿಂದ ಮಾತು ಹೊರಟಿತು, ಆದರೆ ಅದು ನಿನ್ನ ಧ್ವನಿಯಾಗಿರಲಿಲ್ಲ. ಎರಡು ಸಲ ಎಳೆದೆ ಎಂದು ನೀನು ಹೇಳಿದೆ. "ಕಲ್ಲಿಗೆ ಸಿಕ್ಕಿಕೊಂಡಿರುತ್ತೆ ಮಗಳೇ" ಎಂದರು ಅಪ್ಪ. "ಸುಳ್ಳು! ನನ್ನ ಉಸಿರಿಗಿಂತ ನಿಮಗೆ ರೀಲೇ ದೊಡ್ಡದಾಯ್ತಲ್ಲಪ್ಪಾ" ಎಂದೆ ನೀನು. ಅವರು ತಲೆ ತಗ್ಗಿಸಿದರು, ಅಲ್ಲವೆನ್ನಲಿಲ್ಲ. ಅದೇ ವಾರ ನೀನು ಮನೆ ಬಿಟ್ಟು ಹೋದೆ. ಅಪ್ಪ ಕ್ಯಾಮೆರಾ ಮಾರಿದರು. ಹತ್ತೊಂಬತ್ತು ವರ್ಷವಾಯಿತು. ನಿನ್ನ ಕೋಣೆಯಲ್ಲಿ ರೀಲಿನ ಡಬ್ಬಗಳಿವೆ. ಗೋಡೆಯ ಮೊಳೆಯಲ್ಲಿ ನಿನ್ನ ಹಳೆಯ ಛತ್ರಿ ಈಗಲೂ ನೇತಾಡುತ್ತಿದೆ, ತೆಗೆಯಲು ಅಪ್ಪ ಬಿಡುವುದಿಲ್ಲ.

ಮೇಷ್ಟ್ರು ಆ ರೀಲಿನ ಧೂಳು ತೆಗೆಸಿ, ಒಂದೊಂದೇ ಫ್ರೇಮಿನ ಚೌಕವನ್ನು ಕಂಪ್ಯೂಟರಿಗೆ ಇಳಿಸಿ, ಮೂಲವನ್ನೂ ಪ್ರತಿಯನ್ನೂ ಮೊನ್ನೆ ತಂದುಕೊಟ್ಟರು. ಅಪ್ಪನ ಮಂಚದ ಪಕ್ಕ ಸ್ಕ್ರೀನು ಇಟ್ಟು ತೋರಿಸಿದೆ. ನೀಲಿ ಬೆಳದಿಂಗಳು, ಥರ್ಮಾಕೋಲಿನ ಗೋರಿಗಳು, ನಡೆದುಬರುವ ಸೋಮಾರಿ. ನಿಜ ಹೇಳುತ್ತೇನೆ ಅಕ್ಕಾ, ಚೆನ್ನಾಗಿ ಬಂದಿದೆ. ಅಷ್ಟು ಚೆನ್ನಾಗಿ ಬರಬಾರದಿತ್ತು. ಎಡಗಡೆಯ ಮೂಲೆಯಲ್ಲಿ ಹಗ್ಗ ಕಾಣಿಸಿತು. ಮೀಸೆ ಮಾಮ ಕ್ಯಾಮೆರಾವನ್ನು ಸ್ವಲ್ಪ ಈ ಕಡೆಗೆ ತಿರುಗಿಸಿದ್ದಿರಬೇಕು. ಅಪ್ಪ ಸ್ಕ್ರೀನಿನಿಂದ ಕಣ್ಣು ತೆಗೆಯದೆ, "ಫ್ರೇಮಿನೊಳಗೆ ಹಗ್ಗ ಬಂದಿದೆ ನೋಡು. ಅಷ್ಟು ಕತ್ತರಿಸಿ ತೆಗೆದುಬಿಡು. ಯಾರೂ ನೋಡೋದು ಬೇಡ" ಎಂದರು. ಆಯಿತು ಎಂದೆ. ಆಮೇಲೆ ನನ್ನ ಕೈಯನ್ನು ಹಿಡಿದುಕೊಂಡರು. ಅವರು ಹಾಗೆ ಕೈ ಹಿಡಿಯುವವರಲ್ಲ.

ಇಪ್ಪತ್ತೆರಡನೇ ತಾರೀಕು ಕಾಲೇಜಿನಲ್ಲಿ ಪ್ರದರ್ಶನ. ನೀನು ಅದಕ್ಕೆ ಬರಬೇಕೆಂದು ಕೇಳುತ್ತಿಲ್ಲ. ಅದಕ್ಕೂ ಮೊದಲು, ಈ ವಾರವೇ, ಮನೆಗೆ ಬಾ. ಅಪ್ಪ ಬಾಯಿಬಿಟ್ಟು ನಿನ್ನನ್ನು ಕರೆಯುವುದಿಲ್ಲ. ಬಾಗಿಲು ಸದ್ದಾದಾಗೆಲ್ಲ ತಲೆ ಆ ಕಡೆ ತಿರುಗುತ್ತದೆ, ಅಷ್ಟೇ. ಹಾಲಿನವನ ಸದ್ದಿಗೂ ತಿರುಗುತ್ತದೆ.

ಭಾವನಿಗೆ ನಮಸ್ಕಾರ ಹೇಳು, ಮಕ್ಕಳಿಗೆ ಈ ಕಾಣದ ಮಾಮನ ಮುತ್ತುಗಳು. ನಿನ್ನ ಕೆಮ್ಮು ಕಡಿಮೆಯಾಗಲಿ.

ನಿನ್ನ
ತಮ್ಮ

ತಾ.ಕ.: ಅಂಚೆಯವನು ಬರುವ ಹೊತ್ತು. ಅವನ ಕೈಗೆ ಕೊಡಲು ಕೆಳಗಿನ ಅಂಗಡಿಯ ದರ್ಜಿ ಈ ಲಕೋಟೆಗಾಗಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಒಳಗೆ ತೆಳು ಕಾಗದದಲ್ಲಿ ಸುತ್ತಿದ ಎರಡು ಫಿಲ್ಮ್ ತುಂಡುಗಳಿವೆ. ಅಪ್ಪ ಹೇಳಿದಂತೆ ಕತ್ತರಿಸಿದೆ, ಆದರೆ ಎಸೆಯಲಾಗಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡು. ಮೊದಲನೆಯದರಲ್ಲಿ ಹಗ್ಗ ಸಡಿಲ, ಎರಡನೆಯದರಲ್ಲಿ ಬಿಗಿ. ತುದಿಯಲ್ಲಿರುವ ಕೈ ನನ್ನದು, ಹಗ್ಗದ ಜೊತೆ ಅದೂ ಮುಂದಕ್ಕೆ ಹೋಗಿದೆ. ಯಾವ ಕಲ್ಲಿಗೂ ಏನೂ ಸಿಕ್ಕಿರಲಿಲ್ಲ. ನೀನು ಎರಡು ಸಲ ಎಳೆದೆ, ನನಗೆ ಎರಡೂ ಸಲ ಗೊತ್ತಾಯಿತು. ಕುದುರೆ ಕೊನೆಗೂ ನಡೆಯುತ್ತಿದೆ, ಇನ್ನೊಂದು ಗಳಿಗೆ ಎಂದುಕೊಂಡೆ. ಚೌಕಗಳನ್ನು ಎಣಿಸಿದ್ದೇನೆ. ಆ ಗಳಿಗೆ ನಲವತ್ತೊಂದು ಸೆಕೆಂಡು. ಎರಡನೆಯ ತುಂಡಿನ ಅಂಚಿನಲ್ಲಿ ಹಳದಿ ಪೆನ್ಸಿಲಿನ ಗುರುತು ಇದೆ. ಅದು ಎಡಿಟಿಂಗ್ ಮೇಜಿನ ಮೇಲೆ ಅಪ್ಪ ಹಾಕುತ್ತಿದ್ದ ಗುರುತು. ಆಗ ಫಿಲ್ಮು ಲ್ಯಾಬಿನಿಂದ ತೊಳೆದು ಬಂದದ್ದು ಹತ್ತನೇ ದಿನಕ್ಕೆ, ಅಂದೇ ಅವರು ಅದನ್ನು ಮೇಜಿಗೆ ಹಾಕಿ ನೋಡಿದ್ದರು, ನೀನು ಮಾತಾಡಿದ್ದು ಮೂರು ವಾರಕ್ಕೆ. ಹಾಗಾದರೆ ಕಲ್ಲಿನ ಮಾತು ಹೇಳುವಾಗಲೇ ಅವರಿಗೆ ಎಲ್ಲ ಗೊತ್ತಿತ್ತು. ಸುಳ್ಳು ಎಂದು ನೀನು ಹೇಳಿದ್ದು ನಿಜ. ಅವರು ಸುಳ್ಳು ಹೇಳಿದ್ದು ನನ್ನನ್ನು ಉಳಿಸಲು. ನಿನ್ನ ಸಿಟ್ಟು ಹತ್ತೊಂಬತ್ತು ವರ್ಷ ತಪ್ಪು ವಿಳಾಸಕ್ಕೆ ಹೋಗಿದೆ. ನೀನು ಬರುವಾಗ ನಾನು ಇಲ್ಲಿರಬಾರದು ಎನ್ನಿಸಿದರೆ ಒಂದು ಸಾಲು ಬರೆ, ಕೀಲಿ ದರ್ಜಿಯ ಹತ್ತಿರ ಬಿಟ್ಟು ಹೋಗುತ್ತೇನೆ. ಕುರ್ಚಿ ಅಲುಗಿತು. ಮತ್ತೆ ಅಲುಗಿತು. ಎರಡು ಸಲ. ಹೋಗುತ್ತೇನೆ.