ನಿನ್ನ ಕೊರಳಿನ ಟವೆಲ್ಲಿನ ಬಣ್ಣ

ನನ್ನ ಹಟಮಾರಿ ಅಪ್ಪನಿಗೆ,

ನೀನು ಹೋದ ಮೇಲೆ ತಮ್ಮ ಬಸು ನಿನ್ನದೊಂದು ಫ್ಲೆಕ್ಸ್ ಮಾಡಿಸಿದ. ನಮ್ಮ ಚಾಳಿನ ಗೇಟಿಗೆ ಕಟ್ಟಿದ್ದಾನೆ. ನಡುವೆ ನಿನ್ನ ಮುಖ, ಮೇಲೆ ಸಾಲಾಗಿ ಅವನ ಪಕ್ಷದ ನಾಯಕರು, ಕೆಳಗೆ ಕೈಮುಗಿದುಕೊಂಡು ಅವನೇ. ಕುರ್ಲಾ ಸ್ಟೇಷನ್ನಿಗೆ ಹೋಗಿಬರುವವರೆಲ್ಲ ನಿನ್ನನ್ನು ನೋಡುತ್ತಾರೆ. ಜೀವಮಾನವಿಡೀ ಯಾರನ್ನು ಬೈದೆಯೋ ಅವರ ಗದ್ದದ ಕೆಳಗೆ ನಗುತ್ತಾ ಇದ್ದೀಯ. ಅಲ್ಲಿ ನಗುವಂಥದ್ದೇನು ಕಂಡಿತು ಅಪ್ಪಾ ನಿನಗೆ?

ಆ ಫೋಟೋ ನಿನಗೆ ನೆನಪಿರಬೇಕು. ವರ್ಕ್‌ಶಾಪಿನ ಸ್ಟ್ರೈಕಿನಲ್ಲಿ ನೀವೆಲ್ಲ ಫೋರ್ಟಿಗೆ ಮೋರ್ಚಾ ಹೋದಾಗ ತೆಗೆದದ್ದು, ಕೊರಳಲ್ಲಿ ಯೂನಿಯನ್ನಿನ ಕೆಂಪು ಟವೆಲ್ಲು. ಬಸು ಅದನ್ನು ಗೋಡೆಯಿಂದ ಇಳಿಸಿಕೊಂಡು ಹೋದಾಗ ಪೂಜೆಗೆ ದೊಡ್ಡದು ಮಾಡಿಸುತ್ತಾನೆ ಅಂದುಕೊಂಡೆ. ಫ್ಲೆಕ್ಸಿನಲ್ಲಿ ನೋಡಿದರೆ ಟವೆಲ್ಲಿಗೆ ಅವರ ಪಕ್ಷದ ಬಣ್ಣ!

"ಬಸು, ಅಪ್ಪನ ಟವೆಲ್ಲು ಕೆಂಪಿತ್ತಲ್ಲೋ?" ಅಂದೆ.

"ಕಂಪ್ಯೂಟರ್‌ದಾಂವ ಮಾಡ್ಯಾನ. ಮ್ಯಾಚಿಂಗ್ ಛಲೋ ಕಾಣಸ್ತದ, ಬಿಡಕ್ಕಾ."

ದಿನವಿಡೀ ಮಂದಿಯ ಸೀರೆಗಳಿಗೆ ಫಾಲ್ ಹೊಲಿಯುವವಳು ನಾನು. ನನಗೆ ಮ್ಯಾಚಿಂಗ್ ಕಲಿಸಿದ.

ಅವ್ವ ತೀರಿಕೊಂಡ ವರ್ಷ ಆರನೇ ಇಯತ್ತೆಗೇ ಶಾಲೆ ಬಿಡಿಸಿ ನನ್ನನ್ನು ಒಲೆ ಮುಂದೆ ಕೂಡಿಸಿದವನು ನೀನೇ. ಆದರೆ ಸಂಜೆ ಯೂನಿಯನ್ನಿನ ಕರಪತ್ರ ತಂದು, "ಶಾಂತಾ, ಗಟ್ಟಿಯಾಗಿ ಓದವ್ವಾ, ಅಕ್ಷರ ಮರೀಬ್ಯಾಡ" ಅನ್ನುತ್ತಿದ್ದೆ. ಈ ಪತ್ರ ಬರೆಯಲು ಬರುವುದೇ ಅದರಿಂದ. ಬಸುವಿನ ಕೈಯಲ್ಲೂ ನೀನು ಓದಿಸುತ್ತಿದ್ದೆ, ಅವನು ಅದನ್ನು ವಿಮಾನ ಮಾಡಿ ಮನೆ ಮುಂದಿನ ಗ್ಯಾಲರಿಯಿಂದ ಹಾರಿಬಿಡುತ್ತಿದ್ದ. ಆಗ ನಗುತ್ತಿದ್ದೆಯಲ್ಲ?

ಬಸು ಮೊದಲ ಸಲ ಆ ಪಕ್ಷದ ಟಿ-ಶರ್ಟು ತೊಟ್ಟು ಊಟಕ್ಕೆ ಕೂತ ದಿನ ನೀನು ತಟ್ಟೆ ಎತ್ತಿಕೊಂಡು ಗ್ಯಾಲರಿಗೆ ಹೋಗಿ, ಮನೆಗೆ ಬೆನ್ನು ಮಾಡಿ, ಇಡೀ ಚಾಳಿಗೆ ಕಾಣುವ ಹಾಗೆ ಉಂಡೆ. ಅವತ್ತಿನಿಂದ ಕೊನೆಯವರೆಗೂ ಅಲ್ಲೇ. ಒಳಗೆ ಅವನಿಗೊಂದು ರೊಟ್ಟಿ, ಹೊರಗೆ ನಿನಗೊಂದು ರೊಟ್ಟಿ ಅಂತ ಓಡಾಡಿದವಳು ನಾನು. ನಿನ್ನ ಬಿಪಿ ಏರಿತೋ, ಅವನು ಉಣ್ಣದೆ ಎದ್ದನೋ, ಗ್ಯಾಸ್ ಆರಿಸಿದೆನೋ ಇಲ್ಲವೋ... ಎಲ್ಲ ಚಿಂತೆಯೂ ನನ್ನ ತಲೆಗೆ. ನಾನು ಯಾರ ಕಡೆ ಅಂತ ಮಾತ್ರ ನೀವಿಬ್ಬರೂ ಒಮ್ಮೆಯೂ ಕೇಳಲಿಲ್ಲ. ರೊಟ್ಟಿ ಬಡಿಯುವವಳಿಗೆ ಯಾವ ಕಡೆ, ಅಲ್ಲವೇ?

ಆ ಬೆಳಿಗ್ಗೆ ನೀನು ಎದೆ ಹಿಡಿದುಕೊಂಡಾಗ ಬಸುವೇ ಫೋನ್ ಮಾಡಿದ. ಅವರ ಪಕ್ಷದ ಆಂಬುಲೆನ್ಸ್ ಬಂತು. ನಿನ್ನನ್ನು ಕುರ್ಚಿಯಲ್ಲಿ ಕೂಡಿಸಿ ಕೆಳಗಿಳಿಸಿದರು. ಗಾಡಿಯ ಮೇಲಿನ ಚಿಹ್ನೆ ಕಂಡದ್ದೇ ತಡ, ಕುರ್ಚಿಯ ಕೈ ಬಿಗಿಯಾಗಿ ಹಿಡಿದೆ.

"ಇದ್ರಾಗ ನಾ ಕೂಡಂಗಿಲ್ಲ. ಸಾಯೂ ಹೊತ್ನ್ಯಾಗ ಪ್ರಚಾರಕ್ಕ ಹೋಗ್ಲೇನು? ರಿಕ್ಷಾ ತರಸ್ರಿ."

ಬಸು ನಿನ್ನ ಕಾಲು ಹಿಡಿದ. "ಅಪ್ಪಾ, ಆಮ್ಯಾಲ ಬೇಕಾದಷ್ಟು ಬೈಯಂತಿ, ಮೊದ್ಲ ಹತ್ತು!"

ನೀನು ಮುಖ ತಿರುಗಿಸಿದೆ. ನಾನು ರಸ್ತೆಗೆ ಓಡಿ ಎಷ್ಟು ರಿಕ್ಷಾಗಳಿಗೆ ಕೈ ಮಾಡಿದೆನೋ. ಕಡೆಗೊಂದು ನಿಂತಿತು. ಆಸ್ಪತ್ರೆ ಮುಟ್ಟುವ ಮೊದಲೇ ನಿನ್ನ ತಲೆ ನನ್ನ ಹೆಗಲಿಗೆ ವಾಲಿತು. ಆ ಗಾಡಿಯಲ್ಲೇ ಹೋಗಿದ್ದರೆ? ಡಾಕ್ಟರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಬಸುವೂ ಕೇಳಲಿಲ್ಲ. ನಿನ್ನನ್ನು ಮನೆಗೆ ತಂದದ್ದು ಮಾತ್ರ ಅದೇ ಆಂಬುಲೆನ್ಸಿನಲ್ಲಿ. ಆಗ ನೀನು ಏನೂ ಅನ್ನಲಿಲ್ಲ.

ಫ್ಲೆಕ್ಸ್ ಕಟ್ಟಿದ ಸಂಜೆ ಅದನ್ನು ಬಿಚ್ಚು ಎಂದು ಬಸುವಿನ ಮುಂದೆ ಅತ್ತೆ. ಅವನು ಸಿಡಿದ.

"ಅಪ್ಪನ ಯೂನಿಯನ್ದವ್ರು ಎಲ್ಲಿದ್ರು? ಮಣ್ಣಿಗೆ ಇಬ್ರು ಮುದುಕ್ರು ಬಂದ್ರು, ಅದ್ರಾಗೊಬ್ಬಗ ಕಣ್ಣ ಕಾಣಂಗಿಲ್ಲ. ಹೆಗಲು ಕೊಟ್ಟಾವ್ರು ಯಾರು, ಹೇಳು? ನಮ್ಮ ಹುಡುಗ್ರು! ನಾಕು ಮಂದಿ ಅಪ್ಪನ್ನ ನೋಡ್ಲಿ ಅಂತ ಮಾಡ್ಸೀನಿ. ನನಗ ಅಂವ ಅಪ್ಪ ಅಲ್ಲೇನು?"

ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಅದಕ್ಕೇ ನನಗೆ ಇನ್ನೂ ಸಿಟ್ಟು. ನಿನ್ನವರ ಮೇಲೆ, ಅವನ ಮೇಲೆ, ತಪ್ಪು ತಿಳಿಯಬೇಡ, ಎಲ್ಲರಿಗಿಂತ ಹೆಚ್ಚು ನಿನ್ನ ಮೇಲೆ. ಗೆದ್ದೆ ಅಂತ ಹೋದೆ. ಈಗ ನೋಡು, ಅವರದೇ ಬಣ್ಣ ಸುತ್ತಿಕೊಂಡು ಗೇಟಿನಲ್ಲಿ ನಿಂತಿದ್ದೀಯ. ಕಿತ್ತು ಬಿಸಾಡಲು ನಿನಗೆ ಕೈಯಿಲ್ಲ.

ಮೊನ್ನೆ ಮಧ್ಯಾಹ್ನ ಬಸು ಕಾಂದಿವಲಿಗೆ ಸಭೆಗೆಂದು ಹೋಗಿದ್ದ. ಯಾರದೋ ಬ್ಲೌಸಿಗೆ ಕತ್ತರಿಸಿ ಉಳಿದ ಕೆಂಪು ಅಸ್ತರಿನ ತುಂಡು, ಕೌದಿ ಹೊಲಿಯುವ ದಬ್ಬಣ ತೆಗೆದುಕೊಂಡು ಸ್ಟೂಲಿನ ಮೇಲೆ ಹತ್ತಿದೆ. ಅವನ ಹುಡುಗರು ನೋಡಿದರೆ? ನಾಳೆ ನಮ್ಮ ನಳದ ನೀರು ನಿಲ್ಲಿಸಿದರೆ? ಆ ತುಂಡನ್ನು ನಿನ್ನ ಟವೆಲ್ಲಿನ ಮೇಲೆ ಹೊಲಿಯುವಷ್ಟರಲ್ಲಿ ಎರಡು ಸಲ ಬೆರಳಿಗೇ ಚುಚ್ಚಿಕೊಂಡೆ.

ಕೆಳಗಿನ ಖೋಲಿಯ ಮೌಶಿ ನಿಂತು ನೋಡಿದಳು. "ಕಾಯ್ ಗ ಶಾಂತಾ, ಆತಾ ಬ್ಯಾನರಲಾ ಪಣ ಫಾಲ್?" ಬ್ಯಾನರಿಗೂ ಫಾಲ್ ಹಚ್ಚುತ್ತೀಯೇನೇ ಎಂದು ನಕ್ಕಳು.

"ಮ್ಯಾಚಿಂಗ್ ಚುಕ್ಲಾ ಹೋತಾ, ಮೌಶಿ," ಅಂದೆ. ಮ್ಯಾಚಿಂಗ್ ತಪ್ಪಿತ್ತು.

ಅವಳ ನಗು ನಿಂತಿತು. ಬಂದು ಸ್ಟೂಲು ಹಿಡಿದುಕೊಂಡಳು.

ಬಸು ಸಂಜೆ ಗೇಟಿನಲ್ಲಿ ಅದನ್ನು ನೋಡಿಯೇ ಮೇಲೆ ಬಂದ. "ಯಾರು ಮಾಡಿದ್ದು?" ಅಂದ.

"ನಾನು."

"ನೀನೂ ಆ ಯೂನಿಯನ್ದವ್ರ ಕಡೀನ?"

ಹುಟ್ಟಿದಾಗಿನಿಂದ ಮೊದಲ ಸಲ ಯಾರೋ ಕೇಳಿದರು, ಅಪ್ಪಾ. "ಹೌದು," ಅಂದೆ.

ಅವನು ಬೈಯುತ್ತಾನೆ ಎಂದು ಕಾದೆ. ಬಡಿಸಿದ ತಟ್ಟೆ ಎತ್ತಿಕೊಂಡು ಗ್ಯಾಲರಿಗೆ ಹೋದ. ನೀನು ಕೂರುತ್ತಿದ್ದ ಜಾಗದಲ್ಲೇ, ನಿನ್ನ ಹಾಗೆಯೇ ಮನೆಗೆ ಬೆನ್ನು ಮಾಡಿ ಕೂತ. ಹಿಂದಿನಿಂದ ನೋಡಿದರೆ ನೀನೇ. ಇವತ್ತಿಗೆ ಮೂರನೇ ದಿನ, ಅಲ್ಲೇ ಉಣ್ಣುತ್ತಿದ್ದಾನೆ. ಕೆಂಪು ತುಂಡನ್ನು ಮಾತ್ರ ಕಿತ್ತಿಲ್ಲ. ಯಾಕೆ ಅಂತ ನಾನು ಕೇಳಿಲ್ಲ.

ನಿನಗೆ ಎರಡನೇ ರೊಟ್ಟಿ ಬಿಸಿಯಾಗಿ ಹೊರಗೆ ತಂದುಕೊಡುತ್ತಿದ್ದೆ. ಅವನಿಗೆ ಒಯ್ದು ಕೊಟ್ಟಿಲ್ಲ. ಕೊಡುವುದೂ ಇಲ್ಲ. ಬೇಕಾದರೆ ಒಳಗೆ ಬಂದು ಉಣ್ಣಲಿ. ನಿನಗೂ ಮೊದಲ ದಿನವೇ ಹೀಗೆ ಮಾಡಿದ್ದರೆ...

ಗ್ಯಾಸ್ ಆರಿಸಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿ ಆರುತ್ತಿದೆ.

ಶಾಂತಾ